ಇಮೆಲ್ಡಾಳ ಬೆರಳು, ಜೋಕಿಮನ ಹರಕೆ

ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಇಮೆಲ್ಡಾ ಮಥಾಯಸ್ ಮಾಡುವ ಮೊದಲ ಕೆಲಸ, ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕೈ ಮುಳುಗಿಸಿ ಕೂರುವುದು. ಅರ್ಧ ಗಂಟೆ ಹಾಗೆ ಕೂತರೆ ಹತ್ತು ಬೆರಳುಗಳಲ್ಲಿ ಆರು ಮಡಚುತ್ತವೆ. ಉಳಿದ ನಾಲ್ಕು ಅವಳ ಮಾತು ಕೇಳುವುದಿಲ್ಲ. ಮಲ್ಲಿಗೆ ಕಟ್ಟಲು ಬೇಕಾದದ್ದು ಆ ನಾಲ್ಕೇ.

ಕಾಪುವಿನಿಂದ ಒಳಗೆ, ಶಂಕರಪುರದ ರಸ್ತೆಯ ಬದಿಯಲ್ಲಿ ಅವಳ ಮನೆ. ಮನೆಯ ಹಿತ್ತಲಲ್ಲಿ ಎಂಬತ್ತು ಗಿಡಗಳ ಮಲ್ಲಿಗೆ ತೋಟ. ಗಂಡ ಜೋಕಿಮ್ ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದ ಇಪ್ಪತ್ತೆರಡು ವರ್ಷವೂ ಆ ತೋಟವನ್ನು ನೋಡಿಕೊಂಡವಳು ಅವಳೇ. ಬಿರಿಯುವ ಮೊದಲು ಮೊಗ್ಗು ಕೊಯ್ಯಬೇಕು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಬೇಕು, ಬಿಸಿಲೇರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು. ಅನ್ನದ ಒಲೆಯ ಮೇಲೆ ಒಂದು ಕಣ್ಣಿಟ್ಟು, ಪಕ್ಕದವರೊಡನೆ ಹರಟುತ್ತಾ, ಕೈಯನ್ನು ಒಮ್ಮೆಯೂ ನೋಡದೆ ಚೆಂಡು ಮುಗಿಸುವವಳು ಇಮೆಲ್ಡಾ. ಅವಳ ಗಂಟು ಸಣ್ಣದು, ಬಿಗಿಯಾದದ್ದು, ಎಡಕ್ಕೆ ತುಸು ವಾಲಿದ್ದು. ಇಲ್ಲಿಯ ಹೆಂಗಸರು ಕೈಬರಹ ಗುರುತಿಸಿದ ಹಾಗೆ ಒಬ್ಬೊಬ್ಬರ ಕಟ್ಟನ್ನೂ ಗುರುತಿಸುತ್ತಾರೆ.

ಎರಡು ವರ್ಷದ ಹಿಂದೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಅವಳ ಎಡ ಸ್ತನ ತೆಗೆದರು. ರೇಡಿಯೇಶನ್ ಆಯಿತು. ಆಮೇಲೆ ದಿನಕ್ಕೊಂದರಂತೆ ಐದು ವರ್ಷ ನುಂಗಲು ಒಂದು ಮಾತ್ರೆ ಕೊಟ್ಟರು. ಅವಳ ಕ್ಯಾನ್ಸರು ಹೆಣ್ಣಿನ ಹಾರ್ಮೋನನ್ನು ತಿಂದು ಬೆಳೆಯುವ ಜಾತಿಯದು; ಆ ಹಾರ್ಮೋನು ಮೈಯಲ್ಲಿ ಹುಟ್ಟದಂತೆ ಈ ಮಾತ್ರೆ ತಡೆಯುತ್ತದೆ. ಇಷ್ಟು ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೆ ಹೋದದ್ದು ಊರಿನವರ ಮಾತು. “ಇನ್ನು ಒಂದು ಮಾತ್ರೆ ಅಷ್ಟೇ ಅಲ್ವಾ?” ಎನ್ನುತ್ತಿದ್ದರು. ಆ ‘ಅಷ್ಟೇ’ ಕೇಳಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಇಗರ್ಜಿಯಲ್ಲಿ ಪೂಜೆಯ ನಡುವೆ ಎದೆಯಿಂದ ನೆತ್ತಿಗೆ ಬೆಂಕಿ ಏರಿ ಸೀರೆಯೆಲ್ಲ ಒದ್ದೆಯಾಗುವುದು ಅಷ್ಟೇ. ಮೆಟ್ಟಿಲು ಇಳಿಯುವಾಗ ಮಂಡಿ ಕಿರುಗುಟ್ಟುವುದು ಅಷ್ಟೇ. ಬೆಳಿಗ್ಗೆ ಚಾದ ಲೋಟ ಹಿಡಿಯಲು ಎರಡು ಕೈ ಬೇಕಾಗುವುದು ಅಷ್ಟೇ. ಕಾರ್ಕಳದ ಮೂಳೆ ಡಾಕ್ಟರೊಬ್ಬರು ಅವಳ ಬೆರಳನ್ನು ಮುಟ್ಟಿಯೂ ನೋಡದೆ, “ಐವತ್ತನಾಲ್ಕಾಯ್ತಲ್ಲ ಅಮ್ಮ,” ಎಂದು ಮುಲಾಮು ಬರೆದುಕೊಟ್ಟಿದ್ದರು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಜೋಕಿಮನ ಹರಕೆ.

ಆಪರೇಶನ್ ಕೋಣೆಯ ಹೊರಗೆ ಕೂತಿದ್ದ ಆ ಪುಣ್ಯಾತ್ಮ ಮಾತೆ ಮರಿಯಮ್ಮನಿಗೆ ಹರಕೆ ಹೇಳಿಕೊಂಡಿದ್ದ: ಹೆಂಡತಿ ಬದುಕಿದರೆ, ಮುಂದೆ ನುಂಗಬೇಕೆಂದು ಡಾಕ್ಟರು ಮೊದಲೇ ಹೇಳಿದ್ದ ಮಾತ್ರೆ ಮುಗಿಯುವ ಐದು ವರ್ಷವೂ, ಪ್ರತಿ ಶನಿವಾರ ಅವಳೇ ಕಟ್ಟಿದ ಮಲ್ಲಿಗೆ ಮಾಲೆ ಇಗರ್ಜಿಗೆ ಕೊಡುವುದು. ಹರಕೆ ಅವನದು, ಕೈ ಇವಳದು. ಅವಳಿಗೆ ಪ್ರಜ್ಞೆ ಮರಳುವ ಮೊದಲೇ ಫಾದರಿಗೆ ಫೋನು ಹೋಗಿತ್ತು. ವಾರದೊಳಗೆ ಇಡೀ ಊರಿಗೆ ಗೊತ್ತು.

ಕಳೆದ ಜನವರಿಯ ಒಂದು ಶನಿವಾರ ಕೈ ಪೂರ್ತಿ ಮರಗಟ್ಟಿತು. ಇಮೆಲ್ಡಾ ನೆರೆಮನೆಯ ಕುಶಲಾಳಿಂದ ಮಾಲೆ ಕಟ್ಟಿಸಿ ಕಳಿಸಿದಳು. ಸಂಜೆ ಪೂಜೆ ಮುಗಿದದ್ದೇ ಜೋಕಿಮನ ಅಕ್ಕ ಆನ್ಸಿಲ್ಲಾ ಮರಿಯಮ್ಮನ ಪ್ರತಿಮೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಮಾಲೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

“ಇದು ನಿನ್ನ ಕಟ್ಟು ಅಲ್ಲ.”

“ಕೈ ಬರ್ಲಿಲ್ಲ, ಆನ್ಸಿಲ್ಲಾಬಾಯಿ.”

“ಜೀವ ಕೊಟ್ಟ ತಾಯಿಗೆ ಒಂದು ಮಾಲೆ ಕಟ್ಲಿಕ್ಕೆ ಕೈ ಬರುದಿಲ್ವಾ? ಎಂತ ಮನುಷ್ಯರು ಮಾರಾಯ್ತಿ!”

ಮನೆಗೆ ಬಂದ ಮೇಲೆ ಜೋಕಿಮ್ ಮೆಲ್ಲಗೆ, “ದೇವರಿಗೆ ಮೋಸ ಮಾಡ್ಬಾರ್ದು ಇಮೆಲ್ಡಾ. ಪುನಃ ಏನಾದ್ರೂ ಆದ್ರೆ?” ಎಂದ. ಗಟ್ಟಿಯಾಗಿ ಬೈದಿದ್ದರೆ ಅವಳೂ ಬೈಯುತ್ತಿದ್ದಳು. ಆ ಮೆಲು ದನಿ ಅವಳ ಬಾಯಿ ಕಟ್ಟಿತು.

ಬೆರಳು ಹಿಡಿಯತೊಡಗಿದ್ದು ಮಾತ್ರೆ ಶುರುವಾದ ಮೇಲೆಯೇ ಎಂಬುದು ಅವಳಿಗೆ ಗೊತ್ತಿತ್ತು; ಅಂದಿನಿಂದ ಅವಳು ಮಾತ್ರೆ ಬಿಟ್ಟಳು. ಜೋಕಿಮ್ ತಂದುಕೊಟ್ಟ ಮಾತ್ರೆಯ ಹಾಳೆಗಳು ಹಪ್ಪಳದ ಡಬ್ಬಿಯ ತಳ ಸೇರಿದವು. ಮೂರು ವಾರಕ್ಕೆ ಬೆರಳು ಸಡಿಲಾಯಿತು. ನಾಲ್ಕನೆಯ ಶನಿವಾರ ಸಣ್ಣ, ಬಿಗಿ, ಎಡಕ್ಕೆ ವಾಲಿದ ಗಂಟುಗಳ ಮಾಲೆ ಮರಿಯಮ್ಮನ ಕೊರಳಿಗೆ ಬಿತ್ತು. ಆನ್ಸಿಲ್ಲಾ ಅದನ್ನು ಕಣ್ಣಿಗೊತ್ತಿಕೊಂಡಳು. “ನೋಡಿ, ತಾಯಿ ಕೈ ಸರಿ ಮಾಡಿದ್ಳು!” ಎಂದು ಜೋಕಿಮ್ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಜನ ಅವಳ ಕೈಯನ್ನು ಹಿಡಿದು ನೋಡಿದರು. ಇಮೆಲ್ಡಾಳಿಗೆ ಆ ಕೈಯಲ್ಲೇ ಒಬ್ಬೊಬ್ಬರಿಗೂ ಬಾರಿಸಬೇಕು ಅನ್ನಿಸಿತು. ದಿನವೂ ಸ್ನಾನ ಮಾಡುವಾಗ ಎಡಗಡೆಯ ಬೋಳು ಜಾಗವನ್ನೂ ಕಂಕುಳನ್ನೂ ತಡವಿ ಗಂಟು ಹುಡುಕುತ್ತಿದ್ದಳು. ಸಾಯಲು ಅವಳಿಗೆ ಖಂಡಿತ ಮನಸ್ಸಿರಲಿಲ್ಲ. ಒಂದು ಮಾಲೆಗಾಗಿ ತಾನು ಸಾವನ್ನು ಕರೆಯುತ್ತಿದ್ದೇನೆ ಎಂಬುದು ಗೊತ್ತಿದ್ದೇ, ಕೂತು ಮಾಲೆ ಕಟ್ಟುತ್ತಿದ್ದಳು.

ಐದನೆಯ ವಾರ ಮಣಿಪಾಲಕ್ಕೆ ತಪಾಸಣೆಗೆ ಹೋಗುವ ದಿನ. ಡಾಕ್ಟರ್ ಚೈತಾಲಿ, ಚಿಕ್ಕ ಪ್ರಾಯದ ಹೆಂಗಸು, ಫೈಲು ತೆರೆದು ಕೇಳಿದರು: “ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?”

“ಒಂದು ದಿನವೂ ತಪ್ಪಿಸ್ಲಿಲ್ಲ ಡಾಕ್ಟ್ರೇ,” ಎಂದ ಜೋಕಿಮ್. “ಕೈ ಸ್ವಲ್ಪ ನೋವಿತ್ತು. ಈಗ ಅದೂ ಇಲ್ಲ. ಎಲ್ಲ ದೇವರ ದಯೆ.”

ಎರಡು ವರ್ಷದಿಂದ ಈ ಕೋಣೆಯಲ್ಲಿ ಅವಳ ಬಾಯಿಗೆ ಬರಬೇಕಾದ ಉತ್ತರಗಳೆಲ್ಲ ಅವನ ಬಾಯಿಂದಲೇ ಬಂದಿದ್ದವು. ಇಮೆಲ್ಡಾ ಚೀಲಕ್ಕೆ ಕೈಹಾಕಿ, ಹಪ್ಪಳದ ಡಬ್ಬಿಯಿಂದ ತಂದಿದ್ದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಎಸೆದಳು.

“ಇಗೊಳ್ಳಿ ದೇವರ ದಯೆ! ಐದು ವಾರದ್ದು ಉಂಟು, ಎಣಿಸಿ! ಮಾತ್ರೆ ಬಿಟ್ಟದ್ದಕ್ಕೆ ಕೈ ಬಂದದ್ದು. ಮಾತ್ರೆ ತಿಂದ್ರೆ ಹೂ ಕಟ್ಲಿಕ್ಕೆ ಆಗುದಿಲ್ಲ, ತಿನ್ನದಿದ್ರೆ ಸಾಯ್ತೇನೆ. ಇವರ ಹರಕೆಗೆ ನನ್ನ ಕೈ ಬೇಕು, ಇವರ ಅಕ್ಕನಿಗೆ ನನ್ನ ಗಂಟು ಬೇಕು. ನಾನು ಯಾರಿಗೆ ಬೇಕು?”

ಜೋಕಿಮನ ಮುಖ ಬಿಳುಚಿತು. “ನನಗೆ ಹೇಳ್ಬಾರ್ದಿತ್ತಾ?”

“ಹೇಳ್ಲಿಲ್ವಾ? ಪ್ರತಿ ಶನಿವಾರ ಬಕೆಟ್ಟಲ್ಲಿ ಕೈ ಇಟ್ಟು ಕೂತದ್ದು ನಿಮಗೆ ಕಾಣ್ಲಿಲ್ವಾ?”

ಡಾಕ್ಟರ್ ಚೈತಾಲಿ ಜೋಕಿಮನಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ಇಮೆಲ್ಡಾಳ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ಈ ನೋವು ಸಣ್ಣದಲ್ಲ, ಇದಕ್ಕಾಗಿಯೇ ಮಾತ್ರೆ ಬಿಡುವವರು ಬಹಳ ಮಂದಿ ಎಂದರು. ಇದೇ ಕೆಲಸ ಮಾಡುವ ಬೇರೆ ಮಾತ್ರೆ ಉಂಟು, ಅದನ್ನು ನೋಡೋಣ, ವ್ಯಾಯಾಮವೂ ಹೇಳಿಕೊಡುತ್ತೇನೆ ಎಂದರು. “ನೋವು ಬರುವುದೇ ಇಲ್ಲ ಅಂತ ಮಾತು ಕೊಡಲಿಕ್ಕೆ ಆಗುವುದಿಲ್ಲ. ಬಂದರೆ ನೀವೇ ಫೋನು ಮಾಡಿ. ನೀವಾಗಿ ನಿಲ್ಲಿಸಬೇಡಿ.”

“ತಿನ್ನುತ್ತೇನೆ,” ಎಂದಳು ಇಮೆಲ್ಡಾ. “ನನಗೆ ಬದುಕಬೇಕು.”

ಹೊಸ ಮಾತ್ರೆ ಶುರುವಾಗಿ ಎರಡನೆಯ ವಾರಕ್ಕೆ ಬೆರಳು ಮತ್ತೆ ಹಿಡಿಯತೊಡಗಿತು, ಮೊದಲಿನಷ್ಟು ಅಲ್ಲ. ಶನಿವಾರ ಬೆಳಿಗ್ಗೆ ಅವಳು ಬಕೆಟ್ಟಿನ ಮುಂದೆ ಕೂತು, ಮೊಗ್ಗಿನ ಬುಟ್ಟಿಯನ್ನೂ ಬಾಳೆನಾರನ್ನೂ ಕಾಲಲ್ಲಿ ಜೋಕಿಮನ ಕಡೆಗೆ ತಳ್ಳಿದಳು.

“ಹರಕೆ ಯಾರದ್ದು?”

ಅವನು ಬುಟ್ಟಿಯ ಮುಂದೆ ಕೂತ. ಲಾರಿಯ ಸ್ಟಿಯರಿಂಗು ತಿರುಗಿಸಿದ ದಪ್ಪ ಬೆರಳುಗಳಲ್ಲಿ ಮೊಗ್ಗುಗಳು ನಜ್ಜುಗುಜ್ಜಾದವು, ನಾರು ಹರಿಯಿತು. ಒಂದು ಗೇಣು ಕಟ್ಟುವಷ್ಟರಲ್ಲಿ ಬೆವರಿಳಿಯಿತು. ಇಮೆಲ್ಡಾ ನೋಡುತ್ತಾ ಕೂತಳು. ಅವಳಿಗೆ ಚೂರೂ ಕನಿಕರ ಹುಟ್ಟಲಿಲ್ಲ.

ಸಂಜೆ ಮರಿಯಮ್ಮನ ಕೊರಳಲ್ಲಿ ಮೊಳಕ್ಕಿಂತ ಸ್ವಲ್ಪ ಉದ್ದದ, ಅಲ್ಲಲ್ಲಿ ಬೋಳಾದ ಮಾಲೆ ನೇತಾಡಿತು. ಪೂಜೆಯ ನಡುವೆಯೇ ಅದರಿಂದ ಹೂವು ಉದುರುತ್ತಿತ್ತು. ಆನ್ಸಿಲ್ಲಾ ಹತ್ತಿರ ಹೋಗಿ ಕನ್ನಡಕ ಏರಿಸಿದಳು.

“ಯಾರು ಕಟ್ಟಿದ್ದು ಇದನ್ನು?”

ಇಮೆಲ್ಡಾ ಜೋಕಿಮನ ಕಡೆಗೆ ತಿರುಗಿದಳು. ಈ ಒಂದು ಉತ್ತರ ಮಾತ್ರ ಅವನ ಬಾಯಿಂದಲೇ ಬರಬೇಕಿತ್ತು.

“ನಾನು,” ಎಂದ ಜೋಕಿಮ್, ನೆಲ ನೋಡುತ್ತಾ. “ನನಗೆ ಬರುದಿಲ್ಲ ಅಕ್ಕ.”

“ಇನ್ನೂ ಮೂರು ವರ್ಷ ಉಂಟಲ್ಲ,” ಎಂದಳು ಇಮೆಲ್ಡಾ. “ಬರ್ತದೆ.”