ಕಾಕಾ ಶ್ರೀಶೈಲಕ್ಕೆ ಹೋದದ್ದು

ನಿನ್ನೆ ಸಂಜೆ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಕಾಕುವಿನ ಮನೆಯಲ್ಲಿ ಕೂತಿದ್ದಾಗ ಅಂಚೆಯಲ್ಲಿ ಅವರ ಹೊಸ ಆಧಾರ ಕಾರ್ಡು ಬಂತು. ಅಂಗೈಯಷ್ಟಿಲ್ಲದ ಈ ತುಂಡು ಬರುವುದಕ್ಕೆ ಆರು ವರ್ಷ ಬೇಕಾಯಿತು. ಸರಕಾರವನ್ನು ಬೈಯಬೇಡಿ, ಅದರದೇನೂ ತಪ್ಪಿಲ್ಲ. ಹಳೆಯ ಕಾರ್ಡಿನಲ್ಲಿ ಕಾಕುವಿನ ಗಂಡನ ಹೆಸರು ತಪ್ಪಾಗಿತ್ತು, ಅದನ್ನು ಬರೆಸಿದವಳು ನಾನು.

ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಮೂವತ್ತು ವರ್ಷದಿಂದ ಮಂದಿಯ ಹೆಸರು ಬರೆದಿಡುವುದೇ ನನ್ನ ಅನ್ನ. ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕಾವ್ಯನಾಮವಿದ್ದರೆ ಅದಕ್ಕೊಂದು ಬೇರೆ ಚೀಟಿ. ಇಂಥ ಪಂಡಿತೆ ಜೊತೆಗಿರುವಾಗ ಕಾಕುವಿನ ಅರ್ಜಿಯನ್ನು ಬೇರೆಯವರು ಯಾಕೆ ತುಂಬಬೇಕು? ಆಧಾರ ಕೇಂದ್ರದ ಬೆಂಚಿನ ಮೇಲೆ ಕೂತು ಗಂಡನ ಹೆಸರಿನ ಜಾಗದಲ್ಲಿ ದುಂಡಗೆ ಬರೆದೆ: ಅಪ್ಪಣ್ಣ ಹೊಸಮನಿ. ಪಕ್ಕದಲ್ಲಿದ್ದ ಕಾಕು ಅದನ್ನು ಓದಿದರು, ತುಟಿ ಬಿಗಿಹಿಡಿದರು, ಒಂದು ಸಲ ಕೆಮ್ಮಿದರು. ಫೋಟೋ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬ ಚಿಂತೆ ಇರಬೇಕು ಎಂದುಕೊಂಡೆ.

ಕಾಕಾ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಹೊರಗಿನವರಿಗೆಲ್ಲ ಅವರು 'ಮಾಸ್ತರ', ನಮ್ಮಪ್ಪನಿಗೆ 'ಅಪ್ಪಣ್ಣ', ನಮಗೆ ಕಾಕಾ. ಇನ್ನೊಂದು ಹೆಸರು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಾಕುವಿಗಂತೂ ಅವರು 'ನಮ್ಮ ಮನಿಯವರು'. ಎದುರಿಗಿದ್ದರೆ 'ಕೇಳಿದ್ರೇನ್ರಿ'. ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ಮದುವೆ ಮುಂಜಿಯಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದರೆ ಮಾತ್ರ ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ, ಅದರ ನಡುವೆ ಹೆಸರನ್ನು ಹುದುಗಿಸಿ ಹೇಳಬಹುದು. ಒಡಪಿನಲ್ಲಿ ಹೇಳಿದರೆ ಆಯುಷ್ಯಕ್ಕೆ ಧಕ್ಕೆಯಿಲ್ಲ. ಕಾಕು ಅದನ್ನೂ ತಮ್ಮ ಮದುವೆಯ ದಿನ ಒಮ್ಮೆ ಹೇಳಿ ಮುಗಿಸಿದ್ದರು. ಕಾಕಾನೇನೂ ಕಡಿಮೆಯಿರಲಿಲ್ಲ. ಹೆಂಡತಿಯನ್ನು ಕರೆಯುವುದೆಂದರೆ 'ಏ, ಬಾ ಇಲ್ಲೆ' ಅಷ್ಟೇ. ನಲವತ್ತು ವರ್ಷ ಇಬ್ಬರೂ ಹೆಸರಿಲ್ಲದೆ ಸಂಸಾರ ಮಾಡಿದರು, ಸುಖವಾಗಿಯೇ ಮಾಡಿದರು.

ಇಂಥ ಕಾಕಾನನ್ನು ಆರು ವರ್ಷದ ಹಿಂದೆ ಒಂದು ಶುಕ್ರವಾರ ಬೆಳಿಗ್ಗೆ ಪೊಲೀಸರು ಕರೆದುಕೊಂಡು ಹೋದರು. ದೊಡ್ಡ ಅಪರಾಧವೇನಲ್ಲ. ಗರಗದಲ್ಲಿ ಅವರ ಹೊಲದ ಬದುವನ್ನು ಪಕ್ಕದ ಹೊಲದವನು ವರ್ಷಕ್ಕೊಂದು ಗೇಣು ತಿನ್ನುತ್ತಿದ್ದ. ಕಾಕಾ ಪಟ್ಟಿ ಹಿಡಿದು ಅಳೆದು ತೋರಿಸಿದರು. ಅವನು ಲೆಕ್ಕ ಒಪ್ಪಲಿಲ್ಲ. ಸಾಲಿಯಲ್ಲಿ ಲೆಕ್ಕ ಒಪ್ಪದವರಿಗೆ ಏನು ಮಾಡುತ್ತಿದ್ದರೋ ಅದನ್ನೇ ಕಾಕಾ ಕೈಯಲ್ಲಿದ್ದ ಛತ್ರಿಯಿಂದ ಮಾಡಿದರು. ಕೇಸಾಯಿತು. 'ತಪ್ಪು ಅವಂದು, ಕೋರ್ಟಿಗೆ ನಾ ಯಾಕ ಹೋಗ್ಲಿ?' ಎಂದು ತಾರೀಖಿಗೆ ಹೋಗುವುದನ್ನು ಬಿಟ್ಟರು. ಕೋರ್ಟು ಎಷ್ಟು ದಿನ ಕಾಯುತ್ತದೆ? ವಾರಂಟು ಹೊರಡಿಸಿತು. ಬಂದ ಪೊಲೀಸರು ಒಳ್ಳೆಯವರು. ಕಾಕಾನ ಲಿಂಗಪೂಜೆ ಮುಗಿಯುವ ತನಕ ಜಗಲಿಯ ಮೇಲೆ ಕೂತು ಕಾಕು ಕೊಟ್ಟ ಚಹಾ ಕುಡಿದರು, ಆಮೇಲೆ 'ಬರ್ರಿ ಮಾಸ್ತರ' ಎಂದು ಕರೆದುಕೊಂಡು ಹೋದರು. ಕೋರ್ಟು ಅಂದೇ ಜೈಲಿಗೆ ಕಳಿಸಿತು, ಮುಂದೆ ಸಾಲಾಗಿ ಮೂರು ದಿನ ಕೋರ್ಟಿಗೆ ಸೂಟಿ. ವಕೀಲರು ಮಗಳ ಮದುವೆ ಗಡಿಬಿಡಿಯಲ್ಲಿ ಫೋನು ಬಂದ್ ಮಾಡಿಕೊಂಡಿದ್ದರು.

ಕಾಕು ನನಗೊಬ್ಬಳಿಗೇ ಫೋನು ಮಾಡಿದರು. ಗೋಕುಲ ರಸ್ತೆಯಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಓಣಿಗೆ ಹೇಳಬೇಕಾದ ಕಥೆ ತಯಾರಾಗಿತ್ತು.

"ಯವ್ವಾ, ಯಾರ ಕೇಳಿದ್ರೂ ಕಾಕಾ ಶ್ರೀಶೈಲಕ್ಕ ಹೋಗ್ಯಾರ ಅನ್ನು. ಯಾರಿಗೂ ಬ್ಯಾರೆ ಮಾತು ತಿಳೀಬಾರದು. ನನ್ನ ಮ್ಯಾಲೆ ಆಣಿ ಮಾಡು."

ಆಣೆ ಮಾಡಿದೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಕಾಕಾನ ಮುಖ ನೋಡುವ ತನಕ ತಾನು ಉಣ್ಣುವುದಿಲ್ಲ. ನನಗೆ ಗಾಬರಿಯಾಯಿತು. ಕಾಕುವಿಗೆ ಸಕ್ಕರೆ ಕಾಯಿಲೆ, ಕಾಕಾಗೆ ಬಿ.ಪಿ. ಅವರ ಗುಳಿಗೆ ಇಲ್ಲೇ ಕಪಾಟಿನ ಮೇಲೆ ಉಳಿದಿತ್ತು. ಇವರನ್ನು ಲಗೂ ಭೆಟ್ಟಿ ಮಾಡಿಸದಿದ್ದರೆ ಒಬ್ಬರಲ್ಲ, ಇಬ್ಬರೂ ಕೈಬಿಟ್ಟು ಹೋದಾರು ಎನಿಸಿತು.

ಜೈಲಿನಲ್ಲಿರುವವರನ್ನು ಹುಡುಕುವುದು ಸುಲಭ ಎಂದು ನಾನು ತಿಳಿದಿದ್ದೆ. ಓಡಿಹೋಗದ ಹಾಗೆ ಕಟ್ಟಿಹಾಕಿದ ಮನುಷ್ಯ ಎಲ್ಲಿ ಹೋದಾನು? ನೀವೂ ಹಾಗೇ ತಿಳಿದಿದ್ದರೆ ನಿಮಗೆ ಇನ್ನೂ ಆ ಯೋಗ ಬಂದಿಲ್ಲ ಎಂದರ್ಥ. ಮೊದಲು ಮೊಬೈಲಿನಲ್ಲಿ ಹುಡುಕಿದೆ. ಕೈದಿಯ ಭೆಟ್ಟಿಗೆ ಮನೆಯಿಂದಲೇ ವೇಳೆ ಗೊತ್ತು ಮಾಡಿಕೊಳ್ಳುವ ವ್ಯವಸ್ಥೆ ಇದೆ, ಛಲೋ ವ್ಯವಸ್ಥೆ. ಹೆಸರು, ತಂದೆಯ ಹೆಸರು, ವಯಸ್ಸು ಕೇಳಿತು, ಕೊಟ್ಟೆ. ಸೊಟ್ಟ ಅಕ್ಷರಗಳನ್ನು ತೋರಿಸಿ ನಾನು ಮನುಷ್ಯಳು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಿತು. ಎರಡು ಸಲ ನಪಾಸಾಗಿ ಮೂರನೆಯದಕ್ಕೆ ಪಾಸಾದೆ. ಕೊನೆಗೆ ಇಂಥ ಹೆಸರಿನವರು ಯಾರೂ ಇಲ್ಲ ಎಂದಿತು. ಹುಬ್ಬಳ್ಳಿಯ ಜೈಲಿಗೆ ಹೋದೆವು. ಗರಗದ ಕೇಸು ಧಾರವಾಡಕ್ಕೆ ಸೇರುತ್ತದೆ, ಅಲ್ಲಿ ಕೇಳಿ ಎಂದರು. ಹುಬ್ಬಳ್ಳಿಯವರು ಧಾರವಾಡ ತೋರಿಸುವುದು, ಧಾರವಾಡದವರು ಹುಬ್ಬಳ್ಳಿ ತೋರಿಸುವುದು ನಮ್ಮಲ್ಲಿ ಹಳೆಯ ರೂಢಿ. ಹಾಗಾಗಿ ಬೇಸರ ಮಾಡಿಕೊಳ್ಳದೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಕಾಕುವಿನ ಚೀಲದಲ್ಲಿ ಕಟಿ ರೊಟ್ಟಿ, ಅಗಸಿ ಚಟ್ನಿ, ಗುಳಿಗೆ. ಹೊಟ್ಟೆಯಲ್ಲಿ ಹಿಂದಿನ ದಿನದಿಂದ ಬರೀ ನೀರು.

ಜೈಲಿನ ಹೊರಗೆ ಭೆಟ್ಟಿಗೆ ಬಂದವರ ಸಾಲು. ಹೆಚ್ಚಿನವರು ಹೆಂಗಸರು, ಎಲ್ಲರ ಕೈಯಲ್ಲೂ ಒಂದು ಚೀಲ. ಯಾರೂ ಯಾರನ್ನೂ 'ಏನ್ ಕೇಸು' ಎಂದು ಕೇಳುವುದಿಲ್ಲ. 'ಎಷ್ಟನೇ ಸರ್ತಿ ಬಂದೀರಿ?' ಎಂದು ಕೇಳುತ್ತಾರೆ. ಕಾಕು ಸೆರಗನ್ನು ಹಣೆಯ ತನಕ ಎಳೆದುಕೊಂಡರು. ಶ್ರೀಶೈಲದಲ್ಲಿ ಇಷ್ಟು ದೊಡ್ಡ ಸಾಲು ಇರುತ್ತದೆಯೆ ಎಂದು ನನಗೆ ಸಂಶಯ.

ಕಿಟಕಿಯ ಒಳಗಿದ್ದ ಗುಮಾಸ್ತರು ಕಾಕುವಿನ ಕಾರ್ಡು ನೋಡಿ ದಾಖಲೆಯ ಮೇಲೆ ಬೆರಳಾಡಿಸಿದರು.

"ಅಪ್ಪಣ್ಣ ಹೊಸಮನಿ ಅನ್ನಾವರು ನಮ್ಮಲ್ಲಿ ಇಲ್ರೀ."

"ನಿನ್ನೆ ಬಂದಾರ್ರಿ. ಮಾಸ್ತರ ಅದಾರ. ಬೆಳ್ಳಗ, ಎತ್ತರಕ..." ಎಂದೆ.

"ಅಕ್ಕಾರ, ಇಲ್ಲಿ ಎತ್ತರದ ಮ್ಯಾಲೆ ಹುಡುಕೂದಿಲ್ರಿ. ಹೊಸಮನಿ ಅನ್ನಾವರು ಮೂರು ಮಂದಿ ಅದಾರ, ಒಬ್ರೂ ಅಪ್ಪಣ್ಣ ಅಲ್ಲ. ಖರೇ ಹೆಸರೇನು?"

ಪುಸ್ತಕದ ಪೂರಾ ಹೆಸರಿಲ್ಲದೆ ಬಂದ ಹುಡುಗರನ್ನು 'ಸರಿಯಾಗಿ ತಿಳ್ಕೊಂಡು ಬಾ' ಎಂದು ಮೂವತ್ತು ವರ್ಷ ವಾಪಸು ಕಳಿಸಿದ ಪಾಪವೆಲ್ಲ ಆ ಕಿಟಕಿಯ ಮುಂದೆ ನನಗೆ ತಿರುಗಿ ಬಂತು. ನನ್ನ ಸ್ವಂತ ಕಾಕಾನ ಹೆಸರು ನನಗೆ ಗೊತ್ತಿಲ್ಲ. ಕಾಕಾನ ಕಾಗದಪತ್ರಗಳೆಲ್ಲ ಟ್ರಂಕಿನಲ್ಲಿದ್ದವು, ಟ್ರಂಕಿನ ಕೀಲಿ ಕಾಕಾನ ಉಡದಾರದಲ್ಲಿ, ಉಡದಾರ ಜೈಲಿನೊಳಗೆ. ನಂಟರಿಗೆ ಫೋನು ಮಾಡೋಣವೆಂದರೆ ಆಣೆ. ತಿರುಗಿ ಕಾಕುವನ್ನು ನೋಡಿದೆ. ಅವರು ತುಟಿ ಬಿಗಿಹಿಡಿದಿದ್ದರು. ಆಧಾರ ಕೇಂದ್ರದ ಬೆಂಚು ನೆನಪಾಯಿತು, ಆ ಕೆಮ್ಮು ನೆನಪಾಯಿತು. ನಾನು ತಪ್ಪು ಬರೆಯುವುದನ್ನು ಅವರು ನೋಡಿಯೂ ಸುಮ್ಮನಿದ್ದರು, ಯಾಕೆಂದರೆ ತಿದ್ದಬೇಕಾದರೆ ಸರಿಯಾದದ್ದನ್ನು ಹೇಳಬೇಕು!

"ಕಾಕು, ನಿಮ್ಮ ಕಾಲ್ ಬೀಳ್ತೇನಿ, ಹೆಸರ ಹೇಳ್ರಿ."

"ಹೆಂಗ ಹೇಳ್ಲಿ? ಅವರು ಒಳಗ ಒಬ್ರ ಅದಾರ, ಗುಳಿಗಿ ಸೈತ ಇಲ್ಲ. ಇಂಥಾ ಹೊತ್ತಿನ್ಯಾಗ ಹೆಸರ ಹೇಳಿ ಆಯುಷ್ಯ ಕಡಿಮಿ ಮಾಡ್ಲೇನು?"

"ಬರದರ ಕೊಡ್ರಿ ಅಮ್ಮಾರ," ಎಂದು ಗುಮಾಸ್ತರು ಪೆನ್ನು ಚಾಚಿದರು.

"ಬಾಯಾಗ ಬರಬಾರದ್ದು ಕೈಯಾಗ ಬರಬಹುದೇನ್ರಿ?"

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಿನ್ನೆಯಿಂದ ಉಂಡಿಲ್ಲ, ಗಂಡ ಇಪ್ಪತ್ತು ಮಾರು ದೂರದಲ್ಲಿದ್ದಾನೆ, ನಡುವೆ ಇರುವುದು ಒಂದು ಹೆಸರು. ಹಿಂದಿನಿಂದ ಸಾಲು ಗೊಣಗತೊಡಗಿತು. ಆಗ ನಮ್ಮ ಹಿಂದೆ ನಿಂತಿದ್ದ ಮುದುಕಿಯೊಬ್ಬಳು, ಪಾಪ, ಯಾವ ಊರಿನವಳೋ, ಮುಂದೆ ಬಂದು ಕಾಕುವಿನ ಬೆನ್ನ ಮೇಲೆ ಕೈ ಇಟ್ಟಳು.

"ಒಡಪು ಕಟ್ಟಿ ಹೇಳವ್ವಾ. ಒಡಪಿನ್ಯಾಗ ಹೇಳಿದ್ರ ಏನೂ ಆಗಂಗಿಲ್ಲ."

ಕಾಕು ಒಂದು ಗಳಿಗೆ ಕಣ್ಣು ಮುಚ್ಚಿದರು. ಸೆರಗನ್ನು ಹಣೆಯಿಂದ ಹಿಂದೆ ಸರಿಸಿದರು. ಕಿಟಕಿಯ ಸರಳು ಹಿಡಿದು, ಮದುವೆ ಮನೆಯ ಹೊಸ್ತಿಲಲ್ಲಿ ನಿಂತವರ ಹಾಗೆ, ಗಟ್ಟಿಯಾಗಿ ಹೇಳಿದರು:

"ಗರಗದ ಖಾದಿ ಗಟ್ಟಿ, ಧಾರವಾಡದ ಮಾತು ಮೆತ್ತಗ,
ಚನ್ನಬಸಪ್ಪನವರ ಹೆಸರ ಹೇಳೇನಿ, ಕದಾ ತೆಗೀರಿ ನಮಗ."

ಸಾಲಿನಲ್ಲಿ ಯಾರೋ "ವಾಹ್!" ಎಂದರು, ಬಳೆಗಳ ಕೈಗಳು ಚಪ್ಪಾಳೆ ಹೊಡೆದವು. ಗುಮಾಸ್ತರು ತಲೆ ತಗ್ಗಿಸಿ ದಾಖಲೆ ನೋಡಿದರು, ನಗು ಮುಚ್ಚಿಕೊಳ್ಳಲಿಕ್ಕೂ ಇರಬಹುದು.

"ಅದಾರ್ರಿ. ಚನ್ನಬಸಪ್ಪ ಹೊಸಮನಿ, ಗರಗ. ಕಾರ್ಡಿನ್ಯಾಗ ಬ್ಯಾರೆ ಐತಲ್ರಿ?"

ಅಪ್ಪಣ್ಣ, ಚನ್ನಬಸಪ್ಪ ಇಬ್ಬರೂ ಒಬ್ಬರೇ, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದೆ. ನನ್ನ ಜೀವನದಲ್ಲಿ ನಾನು ಬರೆದ ಅತ್ಯಂತ ಪ್ರಾಮಾಣಿಕ ಚೀಟಿ ಅದು. ಜೈಲಿನ ಸಾಹೇಬರು ಒಪ್ಪಿದರು, ಸಿಪಾಯಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಬ್ಬನೇ ಬಂದ.

"ಯಾರನ್ನೂ ನೋಡಂಗಿಲ್ಲ ಅಂತಾರ್ರಿ ಮಾಸ್ತರು. ಇಂಥಾ ಜಾಗಾದಾಗ ಮನಿಯವರು ಕಾಲ ಇಡಬಾರದು, ಹೊಳ್ಳಿ ಹೋಗಂತ ಹೇಳು ಅಂದ್ರು."

ನಾನು ಚೀಲ ಎತ್ತಿಕೊಂಡೆ. ಕಾಕು ಮಾತ್ರ ಅಲುಗಲಿಲ್ಲ. "ನಾ ಹೆಸರ ಹೇಳೇನಂತ ಹೇಳ್ರಿ ಅವರಿಗೆ," ಎಂದರು.

ಸಿಪಾಯಿ ಮತ್ತೆ ಹೋದ. ಈ ಸಲ ಅವನ ಹಿಂದೆಯೇ ಕಾಕಾ ಬಂದರು. ಎರಡು ದಿನದ ಗಡ್ಡ, ಮೇಲಿನ ಗುಂಡಿ ಹರಿದ ಅಂಗಿ. ಸರಳುಗಳ ಆಚೆ ನಿಂತರು, ನನ್ನನ್ನು ನೋಡಲೇ ಇಲ್ಲ.

"ಎಲ್ಲಾರ ಮುಂದ ಹೇಳಿದ್ಯಾ?"

"ಹೇಳ್ದೆ."

"ಒಡಪಿನ್ಯಾಗ?"

"ಒಡಪಿನ್ಯಾಗ."

ಕಾಕಾ ಅಂಗಿಯ ಕಾಲರು ಸರಿಮಾಡಿಕೊಂಡರು. "ಹಾಲಿನವ ಬಂದಿದ್ನೇನು?" ಎಂದರು. ಅಷ್ಟು ಒದ್ದಾಡಿ ಗಳಿಸಿದ ಹದಿನೈದು ನಿಮಿಷವನ್ನು ಇಬ್ಬರೂ ಹಾಲು, ಗ್ಯಾಸು, ನಳದ ನೀರು ಎಂದು ಮಾತಾಡಿ ಖರ್ಚು ಮಾಡಿದರು. ಗುಳಿಗೆಯನ್ನು ಜೈಲಿನ ಡಾಕ್ಟರರ ಕೈಗೆ ಕೊಟ್ಟರು, ರೊಟ್ಟಿಯನ್ನು ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂತು ಕಾಕು ಆ ರೊಟ್ಟಿಯನ್ನು ಮುದುಕಿಯೊಡನೆ ಹಂಚಿಕೊಂಡು ಉಂಡರು. ನಾನು ಆಚೆ ತಿರುಗಿ ಕಣ್ಣು ಒರೆಸಿಕೊಂಡೆ.

ಕೋರ್ಟು ತೆರೆದ ದಿನ ಕಾಕಾಗೆ ಜಾಮೀನು ಸಿಕ್ಕಿತು. ಬರುವಾಗ ಕಾಕು ಓಣಿಗೆ ಹಂಚಲು ಧಾರವಾಡದಲ್ಲೇ ಎರಡು ಪೊಟ್ಟಣ ಪೇಢೆ ಕೊಂಡರು, ಶ್ರೀಶೈಲದ ಪ್ರಸಾದ! ಮುಂದೆ ಕೇಸೂ ರಾಜಿಯಾಯಿತು. ಜೈಲು ಎಂಬ ಶಬ್ದ ಆ ಮನೆಯಲ್ಲಿ ಮತ್ತೆ ಬರಲಿಲ್ಲ, ಹೆಸರೂ ಬರಲಿಲ್ಲ. ಕಾರ್ಡು ತಿದ್ದಿಸೋಣ ಎಂದಾಗಲೆಲ್ಲ ಕಾಕುವಿಗೆ ಮೊಣಕಾಲು ನೋಯುತ್ತಿತ್ತು. ಈ ವರ್ಷ ಪಿಂಚಣಿಯ ಕಾಗದಕ್ಕೆ ಬೇಕೇ ಬೇಕು ಎಂದ ಮೇಲೆ ಕಾಕಾನೇ ಟ್ರಂಕು ತೆಗೆದು ಕಾಗದ ಕೊಟ್ಟರು.

ನಿನ್ನೆ ಕಾರ್ಡು ಬಂದಾಗ ಎದುರು ಮನೆಯ ಎಸ್ತರ್ ಟೀಚರ್ ಕೂಡ ಅಲ್ಲಿದ್ದರು. ಮಿಷನ್ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. "ಈಗ್ಯಾಕ ತಿದ್ದಿಸಿದ್ರಿ?" ಎಂದು ಸುಮ್ಮನೆ ಕೇಳಿದರು. ಕಾಕು, "ಅದೇನಿಲ್ರಿ, ಆವಾಗ ಶ್ರೀಶೈಲಕ್ಕ..." ಎಂದು ಶುರು ಮಾಡಿದರು. ಜೋಕಾಲಿಯ ಮೇಲೆ ಪೇಪರ್ ಓದುತ್ತಿದ್ದ ಕಾಕಾ ಪೇಪರ್ ಇಳಿಸದೆ ಹೇಳಿದರು:

"ಜೈಲಿನ್ಯಾಗ ನನ್ನ ಹುಡುಕೂವಾಗ ಹೆಸರು ತಪ್ಪಿತ್ರಿ ಟೀಚರ್. ಅಕಿ ಒಡಪು ಹೇಳಿದ ಮ್ಯಾಲೆ ಸಿಕ್ಕೆ."

ಕಾಕುವಿನ ಮುಖ ಬಿಳಿಚಿತು. ಟೀಚರ್ ಮಾತ್ರ ಚಹಾದ ಬಟ್ಟಲು ಕೆಳಗಿಡಲಿಲ್ಲ.

"ನಮಗ ಆವಾಗಿಂದ ಗೊತ್ತೈತ್ರಿ. ಧಾರವಾಡದ ಪೇಢಾ ಹುಬ್ಬಳ್ಳಿಯವರಿಗೆ ತಿಳಿಯೂದಿಲ್ಲೇನು? ಆ ರವಿವಾರ ಚರ್ಚಿನ್ಯಾಗ ನಾ ಪ್ರಾರ್ಥನಾ ಮಾಡ್ದೆ. ಹೆಸರ ಗೊತ್ತಿರ್ಲಿಲ್ಲ. ನಮ್ಮ ಎದುರ ಮನಿ ಮಾಸ್ತರು ಅಂತ ಅಂದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆರು ವರ್ಷ ನಾವು ಮೂವರೂ ಕುಡಿದಿದ್ದೆವು. ದೇವರ ಕಿಟಕಿಯಲ್ಲಿ ತಂದೆಯ ಹೆಸರು, ವಯಸ್ಸು ಕೇಳುವುದಿಲ್ಲ ಎಂದು ಕಾಣುತ್ತದೆ. ಎದುರು ಮನೆ ಎಂದರೆ ಸಾಕು.

"ಹಂಗಾರ ಆ ಒಡಪು ನಮಗೂ ಹೇಳ್ರಿ ಶಾಂತವ್ವಾರ," ಎಂದರು ಟೀಚರ್. ಕಾಕು ತುಟಿ ಬಿಗಿಹಿಡಿದರು.

"ಅಕಿ ಒಮ್ಮೆ ಹೇಳ್ಯಾಳ, ಸಾಕು," ಎಂದು ಕಾಕಾ ಪೇಪರ್ ಮಡಚಿದರು. "ಈಗ ನನ್ನ ಪಾಳಿ."

ನಲವತ್ತಾರು ವರ್ಷದಲ್ಲಿ ಮೊದಲ ಸಲ, ಮಗ್ಗಿ ಒಪ್ಪಿಸುವವರ ಹಾಗೆ ನೆಟ್ಟಗೆ ಕೂತು, ಗಣಿತದ ಮಾಸ್ತರರು ಹೆಂಡತಿಯ ಹೆಸರು ಹೇಳಿದರು:

"ಕಿಡಕಿಗೆ ಸರಳ ಎಂಟ, ನಡುವ ಸಂದಿ ಏಳ,
ಶಾಂತವ್ವ ಬಂದು ನಿಂತ ಮ್ಯಾಲೆ ಕಾಣ್ಲಿಲ್ಲ ಒಂದೂ ಸರಳ."