ಬಾಗಿಲಿಂದ ಗೇಟಿನವರೆಗೆ

ಈಶಣ್ಣ ಏನನ್ನೇ ಕಂಡರೂ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದ. ಅರಸೀಕೆರೆಯ ಮಂಡಿಯಲ್ಲಿ ತೆಂಗಿನಕಾಯಿ ಆರಿಸುವುದು ಅವನ ಕೆಲಸ. ಆ ಅಭ್ಯಾಸ ಮನೆಗೂ ಬಂದಿತ್ತು. ಹಲಸಿನ ಹಣ್ಣು, ಹೊಸ ಬಾಗಿಲು, ನೀರಿನ ಡ್ರಮ್ಮು, ಕೊನೆಗೆ ತಂಗಿಯಾದ ನನ್ನ ತಲೆ. “ಪರ್ವಾಗಿಲ್ಲ ಕಣೇ, ಒಳಗೆ ತಿರುಳೈತೆ,” ಎಂದು ನಗುತ್ತಿದ್ದ.

ನನಗೆ ಚಿಕ್ಕಂದಿನಿಂದ ಎಡಗಾಲಿಗೆ ಪೋಲಿಯೊ. ಮಳೆ ಬಂದರೆ ಅಂಗಳದ ಕೆಸರಿನಲ್ಲಿ ನನ್ನ ಊರುಗೋಲು ಹೂತುಹೋಗುತ್ತಿತ್ತು. ಆಗೆಲ್ಲ ಅಣ್ಣ ನನ್ನನ್ನು ಎತ್ತಿಕೊಂಡು ಹೋಗಿ ಗೇಟಿನಾಚೆ ಆಟೋದಲ್ಲಿ ಕೂರಿಸುತ್ತಿದ್ದ. ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕ ವರ್ಷ, ಒಂದು ಬೆಳಿಗ್ಗೆ ಅವನ ತೋಳಿನಲ್ಲಿದ್ದಾಗಲೇ ಹೇಳಿಬಿಟ್ಟೆ: “ಇನ್ನು ಎತ್ಕಬೇಡ ಅಣ್ಣ. ಕೆಲಸಕ್ಕೆ ಹೋಗೋಳು ನಾನು. ನಾಚ್ಕೆ ಆಗ್ತೈತೆ.”

ಮುಂದಿನ ಭಾನುವಾರ ಟೆಂಪೊ ತುಂಬ ನೆಲಕ್ಕೆ ಹಾಸುವ ಇಂಟರ್‌ಲಾಕ್ ಇಟ್ಟಿಗೆ ಬಂದಿಳಿಯಿತು.

“ಗಾರೆಯವರನ್ನ ಕರೀಬಾರ್ದಾ?” ಎಂದರು ಅತ್ತಿಗೆ.

“ಪಕ್ಕಪಕ್ಕದಲ್ಲಿ ಇಡಾಕೆ ಗಾರೆಯೋನ್ಯಾಕೆ? ನಾವೇ ಹಾಕಣ!”

ಎಂಥ ಹುಮ್ಮಸ್ಸು! ಬಾಗಿಲಿಂದ ಗೇಟಿನವರೆಗೆ ದಾರ ಕಟ್ಟಿದ, ನೆಲ ಅಗೆದ, ಜಲ್ಲಿ ಸುರಿದು ದಮ್ಮಸ್ಸು ಮಾಡಿದ. ಅದರ ಮೇಲೆ ಮರಳು ಹಾಸಬೇಕಿತ್ತು. ಇವನು ನಾರಿನ ಮಿಲ್ಲಿನಿಂದ ತೆಂಗಿನ ನಾರಿನ ಪುಡಿಯನ್ನು ಮೂಟೆಗಟ್ಟಲೆ ತಂದು ಹಾಸಿದ. “ಮರಳಿಗಿಂತ ಮೆತ್ತಗೈತೆ, ನಿನ್ನ ಕಾಲಿಗೆ ಸುಖ!” ಸಂಜೆಗೆ ದಾರಿ ಸಿದ್ಧ. ನಾವು ಮೂವರೂ ಹಬ್ಬದಂತೆ ಅದರ ಮೇಲೆ ಓಡಾಡಿದೆವು.

ಮೊದಲ ಮಳೆಗೇ ಪುಡಿ ನೀರು ಕುಡಿದು ಉಬ್ಬಿತು. ದಾರಿಯೆಲ್ಲ ಕರಿದ ಹಪ್ಪಳದಂತೆ ಮೇಲೆದ್ದಿತು. ಪಕ್ಕದ ಮನೆಯ ನಂಜಪ್ಪ ಕಾಂಪೌಂಡಿನ ಮೇಲಿಂದ ಬಗ್ಗಿ, “ಏನ್ಲಾ ಈಶ, ದಾರಿ ಹಾಕಿದ್ಯೋ ಹಾಸಿಗೆ ಹಾಕಿದ್ಯೋ?” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣನೇ. “ಮಲಗಿ ನೋಡ್ಬಾರಪ್ಪ!”

ಎಲ್ಲ ಕಿತ್ತು, ಪುಡಿ ಬಾಚಿ, ಈ ಸಲ ಮರಳನ್ನೇ ಹಾಸಿದ. “ನಾನೂ ಇಡ್ತೀನಿ,” ಎಂದು ಹಟ ಹಿಡಿದು ಮಣೆಯ ಮೇಲೆ ಕೂತು ಇಟ್ಟಿಗೆ ಜೋಡಿಸತೊಡಗಿದೆ. ಅಣ್ಣ ರಬ್ಬರ್ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ, ಗೆಣ್ಣಿನಿಂದ ಬಡಿದು, ಕೆಳಗೆ ಟೊಳ್ಳಿಲ್ಲವೆಂದು ಕೇಳಿ ತಿಳಿದ ಮೇಲೆ “ಕೂತೈತೆ” ಎನ್ನುತ್ತಿದ್ದ. ಆಮೇಲೆ ನನಗೂ ಬಡಿಯಲು ಬಿಟ್ಟ. ನಾನೂ “ಕೂತೈತೆ” ಅಂದೆ. ಅಷ್ಟಕ್ಕೇ ಇಬ್ಬರಿಗೂ ನಗು.

ಮತ್ತೆ ಮಳೆ ಬಂತು. ಅಣ್ಣ ಗೇಟಿನಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. “ಹಿಡಿಯಲ್ಲ ಕಣೇ. ಬಾ.” ಕೋಲೂರಿ ಹೆಜ್ಜೆ ಇಟ್ಟೆ. ಕೋಲು ಹೂತುಹೋಗಲಿಲ್ಲ. ಗೇಟಿನ ಚಿಲಕ ನಾನೇ ತೆಗೆದೆ. ದಾಟಿ ತಿರುಗಿದಾಗ, ಬೆನ್ನ ಹಿಂದೆ ಬಿಗಿದು ಕಟ್ಟಿದ ಅವನ ಕೈ ಬಿಳಿಚಿಕೊಂಡಿದ್ದು ಕಂಡಿತು.

ಹೋದ ವರ್ಷ ಹಾಸನದ ಆಸ್ಪತ್ರೆಗೆ ಹೊರಟಾಗ ಅವನು ಅತ್ತಿಗೆಯ ಹೆಗಲು ಹಿಡಿದು ಇದೇ ದಾರಿಯಲ್ಲಿ ನಡೆದ. ಗೇಟಿನ ಹತ್ತಿರ ನಿಂತು ಚಪ್ಪಲಿಯಿಂದ ಒಂದು ಇಟ್ಟಿಗೆ ತಟ್ಟಿ, ನನ್ನತ್ತ ತಿರುಗಿದ. “ಇದೊಂದು ಟೊಳ್ಳಾಗೈತೆ ಕಣೇ. ಬಂದು ನೋಡ್ತೀನಿ.”

ಬರಲಿಲ್ಲ.

ಈ ಮಳೆಗಾಲಕ್ಕೆ ಅದು ಇನ್ನಷ್ಟು ಕುಸಿದಿತ್ತು. ಮಣೆ ತಂದು ಕೂತೆ. ಇಟ್ಟಿಗೆ ಎತ್ತಿ, ಮರಳು ತುಂಬಿ, ಮತ್ತೆ ಇಟ್ಟು ಅವನ ಸುತ್ತಿಗೆಯಿಂದ ತಟ್ಟಿದೆ. ಗೆಣ್ಣಿನಿಂದ ಬಡಿದು ಕಿವಿಗೊಟ್ಟೆ. ಗಟ್ಟಿ ಸದ್ದು.

“ಕೂತೈತೆ ಅಣ್ಣ,” ಎಂದು ಜೋರಾಗಿ ಹೇಳಿ, ಗೇಟಿನ ಕಡೆ ತಿರುಗಿದೆ.