ಸಂಗವ್ವ ಸುಧಾರಿಸಿದ್ದಾಳೆಯೇ?

ಕಳೆದ ಒಂದು ವರ್ಷ ನಮ್ಮ ಮನೆಯಲ್ಲಿ ಕಳ್ಳಿಯೊಬ್ಬಳು ಇದ್ದಳು. ಗಾಬರಿ ಬೇಡ. ಸರ್ಕಾರವೇ ಕಳಿಸಿಕೊಟ್ಟಿದ್ದು.

ನಮ್ಮ ಮನೆ ಎಂದರೆ ಮಸ್ಕಿಯಲ್ಲಿರುವ ನನ್ನ ಸೋದರಮಾವನ ಮನೆ. ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಮಾವನದು ಕಿರಾಣಿ ಅಂಗಡಿ. (ಇಷ್ಟು ಧೈರ್ಯವಾಗಿ ಬರೆಯಲು ಕಾರಣವಿದೆ. ಈ ಪತ್ರಿಕೆ ಅವರ ಅಂಗಡಿಗೂ ಬರುತ್ತದೆ, ಜೀರಿಗೆಯ ಪೊಟ್ಟಣ ಕಟ್ಟಲು ಮಾತ್ರ.)

ಕಳ್ಳಿಯ ಹೆಸರು ಸಂಗವ್ವ. ಗಂಡ ಸತ್ತವಳು, ವಯಸ್ಸು ಹೆಚ್ಚುಕಡಿಮೆ ನನ್ನದೇ. ಸಿಂಧನೂರಿನ ಸಂತೆಯಲ್ಲಿ ಒಂದು ಸೀರೆ ಕದ್ದಳು. ಮುಂದಿನ ಸಂತೆಗೆ ಅದನ್ನೇ ಉಟ್ಟುಕೊಂಡು ಅದೇ ವ್ಯಾಪಾರಿಯ ಮುಂದೆ ಹಾದುಹೋದಳು. ಇಂಥವಳನ್ನು ಜೈಲಿಗೆ ಹಾಕಿದರೆ ಏನಾಗುತ್ತದೆ? ಕದಿಯುವುದನ್ನು ಸರಿಯಾಗಿ ಕಲಿತು ಬರುತ್ತಾಳೆ, ಅಷ್ಟೆ.

ಲಿಂಗಸುಗೂರಿನ ಮ್ಯಾಜಿಸ್ಟ್ರೇಟರಿಗೂ ಹಾಗೇ ಅನ್ನಿಸಿರಬೇಕು. ಒಂದು ವರ್ಷ ನೆಟ್ಟಗಿರುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು, ಮರ್ಯಾದಸ್ಥರೊಬ್ಬರ ಮನೆಯಲ್ಲಿ ನಿಗಾದಲ್ಲಿರಲಿ ಎಂದರು. ಅವಳಿಗೆ ಇರುವವಳು ಅಕ್ಕ ಒಬ್ಬಳೇ. ಆಕೆಯೋ ತುರ್ವಿಹಾಳದ ಕಡೆ ಕಾಲುವೆ ಕೆಲಸದಲ್ಲಿ ಮಣ್ಣು ಹೊರುತ್ತ, ಕ್ಯಾಂಪಿನ ತಟ್ಟಿಯ ಗುಡಿಸಲಿನಲ್ಲಿ ಮಲಗುವವಳು. ಅದು ಕೋರ್ಟಿನ ಕಣ್ಣಿಗೆ ಮನೆಯಲ್ಲ. ಹಾಗಾದರೆ ಮರ್ಯಾದಸ್ಥರು ಯಾರು? ಹೊಲದ ತಂಟೆಗಾಗಿ ಅದೇ ದಿನ ಕೋರ್ಟಿಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮಾವ!

ಮಾವ ಮೊದಲು ಒಪ್ಪಲಿಲ್ಲವಂತೆ. ಆಮೇಲೆ ಸಂಗವ್ವನ ಕೊರಳಲ್ಲಿ ಲಿಂಗ ಇರುವುದು ಕಂಡಿತು. ಅಂದರೆ ನಮ್ಮ ಅಡಿಗೆಮನೆಗೆ ಬರಲು ಅಡ್ಡಿಯಿಲ್ಲ. ಕೂಡಲೇ ಸಮಾಜಸೇವೆಯ ಮನಸ್ಸಾಯಿತು.

ಸುಧಾರಣೆ ಮರುದಿನ ನಸುಕಿನಲ್ಲೇ ಶುರುವಾಯಿತು. ಕಸ ಗುಡಿಸುವುದು, ಬಾವಿಯ ನೀರು ಸೇದುವುದು, ಬೀಸುವುದು, ಎರಡು ಹೊತ್ತು ರೊಟ್ಟಿ ಬಡಿಯುವುದು, ಮಧ್ಯಾಹ್ನ ಅತ್ತೆಯ ಮೊಣಕಾಲು ಒತ್ತುವುದು. ಅತ್ತೆ ಇದಕ್ಕೆಲ್ಲ 'ತಿದ್ದುವುದು' ಎನ್ನುತ್ತಿದ್ದರು. ಸಂಬಳ? ತಿದ್ದಿಸಿಕೊಳ್ಳುವವಳಿಗೆ ಎಂಥ ಸಂಬಳ? ಉಡಲು ಅತ್ತೆಯ ಹಳೆಯ ಸೀರೆಯೊಂದು ಸಿಕ್ಕಿತು. ಅವಳು ಕದ್ದ ಸೀರೆ ಇದಕ್ಕಿಂತ ಎಷ್ಟೋ ಗಟ್ಟಿಯಾಗಿತ್ತು ಎಂದು ನನ್ನ ಊಹೆ.

ನಿಗಾ ಇಡುವುದರಲ್ಲಿ ಓಣಿಯೂ ಹಿಂದೆ ಬೀಳಲಿಲ್ಲ. ಸಂಗವ್ವ ನೀರಿಗೆ ಹೊರಟರೆ ಎದುರುಮನೆಯವರು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಮಳೆ ಬರುತ್ತದೆಂದು ಎಷ್ಟೋ ಸಲ ನಾನೂ ಮೋಸಹೋಗಿ ನನ್ನ ಬಟ್ಟೆ ತೆಗೆದದ್ದುಂಟು.

ಈಚೆಗೆ ಅವಳ ವರ್ಷ ಮುಗಿಯಿತು. ಕಾಲುವೆಯ ಕ್ಯಾಂಪು ಮುಂದಕ್ಕೆ ಹೋಗುವುದರಲ್ಲಿತ್ತು. ಅಷ್ಟರೊಳಗೆ ಬಂದರೆ ತನ್ನ ಜೊತೆಗೇ ಕೆಲಸವಿದೆ, ತಡವಾದರೆ ಮೇಸ್ತ್ರಿ ಬೇರೆಯವರನ್ನು ತೆಗೆದುಕೊಳ್ಳುತ್ತಾನೆ ಎಂದು ಅಕ್ಕ ಹೇಳಿಕಳಿಸಿದ್ದಳು. ಆದರೆ ಹೋಗಬೇಕಾದರೆ ನಿಗಾ ಇಟ್ಟವರು 'ಈಕೆ ಸುಧಾರಿಸಿದ್ದಾಳೆ' ಎನ್ನಬೇಕು. ಅದನ್ನು ಕೇಳಲು ರಾಯಚೂರಿನಿಂದ ಪ್ರೊಬೇಷನ್ ಆಫೀಸರು ಬಂದರು. ಬಸ್ಸಿನ ಧೂಳು ತಿಂದು ಸೊರಗಿದ ಮನುಷ್ಯ.

ಮಾವ ಗಂಟಲು ಸರಿಮಾಡಿಕೊಂಡರು, ಮಾತನಾಡಿದ್ದು ಅತ್ತೆ.

"ಇನ್ನಾ ಸುಧಾರಿಸಿಲ್ರೀ ಸಾಹೇಬ್ರ. ಮತ್ತೊಂದು ವರ್ಷ ನಮ್ಮ ಕೈಯಾಗ ಇರ್ಲಿ."

ಏನಾದರೂ ಕದ್ದಳೇ ಎಂದು ಆಫೀಸರು ಕೇಳಿದರು.

"ಕದ್ದಿಲ್ರೀ. ಖರೆ ಕದಿಯೂ ಕಣ್ಣು ಹಂಗ ಅದಾವ."

ಸಂಗವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮುಖದ ಬಣ್ಣ ಇಳಿದುಹೋಯಿತು. ನನಗೆ ಏನಾದರೂ ಹೇಳಬೇಕೆನ್ನಿಸಿತು, ಆದರೆ ಕೇಳದೆ ಮಾತನಾಡುವ ಅಭ್ಯಾಸ ನನಗಿಲ್ಲ. ಕೇಳುವವರೂ ಇರಲಿಲ್ಲ.

ಆದರೆ ಮನೆಗೆ ಬಂದ ಸಾಹೇಬರಿಗೆ ಚಹಾ ಕೊಡದೆ ಕಳಿಸಲಾಗುತ್ತದೆಯೇ? ರೇಷನ್ ಸಕ್ಕರೆ ನಮ್ಮಲ್ಲಿ ಬಂಗಾರದ ಜೊತೆ ಒಂದೇ ಪೆಟ್ಟಿಗೆಯಲ್ಲಿರುತ್ತದೆ. ಅತ್ತೆ ಕೂತಲ್ಲಿಂದಲೇ, ದಿನದ ರೂಢಿಯಂತೆ, ಕೂಗಿದರು.

"ಸಂಗವ್ವಾ, ಪೆಟ್ಟಿಗಿ ತಗದು ಸಕ್ಕರಿ ತಗೊಂಬಾ ಬೇ."

ಸಂಗವ್ವ ಸೊಂಟದಿಂದ ಕೀಲಿಗೊಂಚಲು ತೆಗೆದಳು.

ಅತ್ತೆಯ ಮೊಣಕಾಲು ನೋವು ಮಾಡಿದ ಕೆಲಸವದು. ಪ್ರತಿ ಸಲ ಏಳುವುದೇಕೆಂದು ಮೊದಲು ಕಟ್ಟಿಗೆ ಕೋಣೆಯ ಕೀಲಿ ಕೊಟ್ಟರು. ಆಮೇಲೆ ಕಾಳಿನ ಕೋಣೆಯದು. ಕೊನೆಗೆ ಬಂಗಾರದ ಪೆಟ್ಟಿಗೆಯದೂ ಹೋಯಿತು. 'ಕಳ್ಳಿ' ಎಂದು ಬೈಯುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಎರಡರ ನಡುವೆ ಏನೋ ಹೊಂದುತ್ತಿಲ್ಲವೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಫೀಸರು ಕೀಲಿಗೊಂಚಲು ನೋಡಿದರು. ಅತ್ತೆಯನ್ನು ನೋಡಿದರು. ಮಾವ ವ್ಯಾಪಾರಸ್ಥರಲ್ಲವೇ, ತಡವರಿಸಲಿಲ್ಲ.

"ಪರೀಕ್ಷಾ ಮಾಡಾಕ ಕೊಟ್ಟಿದ್ವಿರೀ."

"ಹಂಗಾರ ಪಾಸಾಗ್ಯಾಳ ಬಿಡ್ರಿ," ಎಂದರು ಆಫೀಸರು.

ಆಮೇಲೆ, ಒಂದು ವರ್ಷದಲ್ಲಿ ನಾವ್ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವರು ಸಂಗವ್ವನಿಗೆ ಕೇಳಿದರು. ನಿನಗೇನು ಬೇಕು? ಸಕ್ಕರೆ ಡಬ್ಬಿ ಕೈಯಲ್ಲಿ ಹಿಡಿದೇ ಅವಳು ಹೇಳಿದಳು.

"ಅಕ್ಕನ ಕೂಡ ಮಣ್ಣ ಹೊರಾಕ ಹೋಗ್ತೀನ್ರೀ. ಅಲ್ಲಿ ಬೈದ್ರೂ ಕೂಲಿ ಕೊಡ್ತಾರ."

ಆಫೀಸರು ಚಹಾ ಕುಡಿದು ಮುಗಿಸಿ, 'ಸುಧಾರಿಸಿದ್ದಾಳೆ' ಎಂದು ಬರೆದುಕೊಂಡರು.

ನಿಗಾ ಇಡುವುದೆಂದರೆ ಏನೆಂದು ನಾನು ಆವತ್ತು ಕಂಡೆ. ಆ ಸೊರಗಿದ ಮನುಷ್ಯ ಅವಳಿಗೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಅದೇ ಮಧ್ಯಾಹ್ನ ತಾವೇ ಅವಳ ಜೊತೆ ಬಸ್ಸು ಹತ್ತಿ, ತುರ್ವಿಹಾಳದ ಕ್ಯಾಂಪಿಗೆ ಹೋಗಿ, ಮೇಸ್ತ್ರಿಯನ್ನು ಕಂಡು ಕೆಲಸಕ್ಕೆ ಹಚ್ಚಿಸಿ, ಆಮೇಲೆ ರಾಯಚೂರಿಗೆ ಹೋದರಂತೆ. ಮೇಸ್ತ್ರಿಯ ಮುಂದೆ ಕೋರ್ಟಿನ ಸುದ್ದಿ ಎತ್ತಲೇ ಇಲ್ಲವಂತೆ. ಸರ್ಕಾರದವರಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತೋ!

ಹೊರಡುವಾಗ ಸಂಗವ್ವ ಕೀಲಿಗೊಂಚಲು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅವಳ ಗಂಟಿಗೆ ರೊಟ್ಟಿ, ಶೇಂಗಾ ಚಟ್ನಿ ತುರುಕಿ, ಮೈ ಕಾಯ್ಕೋ ಬೇ ಎಂದು ಮುಖ ತಿರುಗಿಸಿಕೊಂಡರು. ಕಣ್ಣೀರು ನಿಜವಾದದ್ದೇ. ನಮ್ಮ ಜನ ಕಲ್ಲಲ್ಲ. ಪುಕ್ಕಟೆಯದನ್ನು ಬಿಡಲು ಸ್ವಲ್ಪ ಕಷ್ಟ, ಅಷ್ಟೆ.

ನಿನ್ನೆ ಮಾವ ಮತ್ತೆ ಲಿಂಗಸುಗೂರಿನ ಬಸ್ಸು ಹತ್ತಿದರು. ಸುಧಾರಿಸಬೇಕಾದ ಹೆಣ್ಣುಮಗಳು ಕೋರ್ಟಿನಲ್ಲಿ ಇನ್ಯಾರಾದರೂ ಇದ್ದಾಳೆಯೇ, ಹಪ್ಪಳ ಸಂಡಿಗೆ ಮಾಡಲೂ ಬಂದರೆ ಒಳ್ಳೆಯದು ಎಂದು ವಿಚಾರಿಸಲು.